ಎಡಗಾಲಿಗೆ ಕೆಲಸವಿಲ್ಲ

ನಮ್ಮ ಮನೆಗೆ ಆಟೋಮ್ಯಾಟಿಕ್ ಕಾರು ಬಂದದ್ದು ಅಪ್ಪನ ಎಡ ಮೊಣಕಾಲಿನ ದೆಸೆಯಿಂದ. ಅಪ್ಪ 31 ವರ್ಷ ಲಾರಿ ಓಡಿಸಿದವರು. ಹಾಸನದಿಂದ ಮಂಗಳೂರು, ಮಂಗಳೂರಿನಿಂದ ಹಾಸನ, ನಡುವೆ ಶಿರಾಡಿ ಘಾಟಿ. ಇಳಿಯುವಾಗ ಕಾಫಿ ಮೂಟೆ, ಹತ್ತುವಾಗ ಏನು ಲೋಡು ಸಿಕ್ಕರೆ ಅದು. ಮೊಣಕಾಲು ಸವೆದದ್ದಕ್ಕೆ ಡಾಕ್ಟರು ವಯಸ್ಸು, ತೂಕ ಎಂದು ಎರಡು ಮೂರು ಕಾರಣ ಹೇಳಿದರು. ಅಪ್ಪನ ಪ್ರಕಾರ ಇರುವುದು ಒಂದೇ ಕಾರಣ, ಕ್ಲಚ್ಚು. ಬಲಗಾಲು ಇನ್ನೂ ನೆಟ್ಟಗಿದೆ ಎಂಬುದೇ ಅವರ ಸಾಕ್ಷಿ. ಕಳೆದ ವರ್ಷ ಕೀಲು ಬದಲಿಸುವ ಆಪರೇಷನ್ ಆಯಿತು. ನಡೆದಾಡುವುದಕ್ಕೆ ಈಗ ಏನೂ ತೊಂದರೆಯಿಲ್ಲ, ಆದರೆ ಪೇಟೆಯ ಟ್ರಾಫಿಕ್ಕಿನಲ್ಲಿ ಹತ್ತು ನಿಮಿಷ ಕ್ಲಚ್ಚು ತುಳಿದರೆ ರಾತ್ರಿಯೆಲ್ಲ ನೋವು. ಮನೆಯಲ್ಲಿದ್ದ ಹಳೆಯ ಕಾರು ಶೆಡ್ಡು ಸೇರಿತು. ಅಪ್ಪ ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಪೇಪರ್ ಓದತೊಡಗಿದರು.

ಪೇಪರ್ ಓದುವುದೇನೂ ಕೆಟ್ಟ ಅಭ್ಯಾಸವಲ್ಲ. ಆದರೆ ಬೆಳಿಗ್ಗೆ ಹತ್ತಕ್ಕೆ ಕೂತವರು ಮಧ್ಯಾಹ್ನ ಊಟಕ್ಕೆ ಕರೆದಾಗಲೂ ಅದೇ ಪುಟದಲ್ಲಿರುತ್ತಿದ್ದರು ಎಂದು ಅಮ್ಮ ಫೋನಿನಲ್ಲಿ ಹೇಳಿದಾಗ ಅಣ್ಣನೂ ನಾನೂ ಸೇರಿ ಹಳೆಯದನ್ನು ಮಾರಿಸಿ, ಇನ್ನಷ್ಟು ದುಡ್ಡು ಹಾಕಿ, ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಒಂದನ್ನು ಕೊಡಿಸಿದೆವು. ಅಮ್ಮನಿಗೆ ಇದು ಇಷ್ಟವಿರಲಿಲ್ಲ. ವಯಸ್ಸಾದವರೊಬ್ಬರು ಬ್ರೇಕೆಂದು ಆಕ್ಸಿಲರೇಟರ್ ಒತ್ತಿ ಅಂಗಡಿಯೊಳಗೇ ನುಗ್ಗಿಸಿದ ವಿಡಿಯೋ ಯಾರೋ ಅವಳಿಗೆ ಕಳಿಸಿದ್ದರು. ಅದನ್ನು ಅವಳು ಅಳಿಸದೆ ಇಟ್ಟುಕೊಂಡಿದ್ದಳು.

ಕಲಿಸುವ ಕೆಲಸ ನನಗೆ ಬಿತ್ತು. ಮೈಸೂರಿನಲ್ಲಿ ನನ್ನ ಗೈಡಿನ ಆಟೋಮ್ಯಾಟಿಕ್ ಕಾರನ್ನು ಆಗಾಗ ನಾನೇ ಓಡಿಸುತ್ತಿದ್ದೆ. (ಸಂಶೋಧನಾ ವಿದ್ಯಾರ್ಥಿಗಳ ಕರ್ತವ್ಯಗಳು ಯಾವೆಂದು ಯಾರೂ ಈವರೆಗೆ ಪಟ್ಟಿ ಮಾಡಿಲ್ಲ.) ಫೀಲ್ಡ್‌ವರ್ಕ್ ಮುಗಿದು ಅಧ್ಯಾಯ ಬರೆಯಬೇಕಿದ್ದ ಹದಿನೈದು ದಿನ ಸಕಲೇಶಪುರದ ಮನೆಗೆ ಬಂದೆ. ನಮ್ಮ ಮನೆ ಇಳಿಜಾರಿನಲ್ಲಿದೆ. ಗೇಟಿನಿಂದ ಶೆಡ್ಡಿನವರೆಗೆ ನೀರಿನ ಕೊಡ ಇಟ್ಟರೆ ನಿಲ್ಲದಷ್ಟು ಏರು.

ಮೊದಲ ದಿನ ಅಪ್ಪ ಸೀಟಿನಲ್ಲಿ ಕೂತು, ಕನ್ನಡಿ ಸರಿಮಾಡಿ, ಕೈಮುಗಿದು, ಕೀಲಿ ತಿರುಗಿಸಿದರು. ಇಂಜಿನ್ ಶುರುವಾಯಿತು. ಲಿವರ್ ಹಿಡಿದು ಎಳೆದರು. ಬರಲಿಲ್ಲ. ಲಾರಿಯ ಗೇರು ಹಾಕಿದ ಕೈ, ಇನ್ನೊಂದು ಸಲ ಜೋರಾಗಿ ಎಳೆಯಿತು.

“ಜಾಮ್ ಆಗೈತೆ.”

“ಇಲ್ಲ ಅಪ್ಪ. ಮೊದಲು ಬ್ರೇಕ್ ತುಳೀರಿ. ಆಗ ಪಿ ಬಿಡುತ್ತೆ.”

ಅಪ್ಪ ನನ್ನ ಕಡೆ ತಿರುಗಿ ನೋಡಿದರು. “ನಿಂತಿರೋ ಗಾಡಿಗೆ ಬ್ರೇಕ್ ಯಾಕವ್ವ?”

ಇದು ನಿಜವಾಗಿ ಒಳ್ಳೆಯ ಪ್ರಶ್ನೆ. ಕೈಪಿಡಿಯಲ್ಲಿ ಬ್ರೇಕ್ ತುಳಿಯಿರಿ ಎಂದಿದೆಯೇ ಹೊರತು ಯಾಕೆಂದು ಇಲ್ಲ. ನಾನು ತಕ್ಷಣ ಕೊಟ್ಟ ಉತ್ತರ “ಸೇಫ್ಟಿ” ಎಂಬ ಒಂದು ಪದ. ಅದಕ್ಕೆ ಅಪ್ಪ “ಹೂಂ” ಎಂದ ರೀತಿ ನನಗೆ ವೈವಾ ಪರೀಕ್ಷೆಯನ್ನು ನೆನಪಿಸಿತು. ಅಂದು ರಾತ್ರಿ ಅಧ್ಯಾಯ ಬರೆಯುವುದು ಬಿಟ್ಟು ಇದನ್ನೇ ಓದುತ್ತ ಕೂತೆ.

ಪಿ ಎಂಬುದು ಬ್ರೇಕಲ್ಲ. ಚಕ್ರಗಳನ್ನು ಅದು ಒತ್ತಿ ಹಿಡಿಯುವುದಿಲ್ಲ. ಗೇರ್‌ಬಾಕ್ಸಿನೊಳಗೆ, ಚಕ್ರಗಳ ಕಡೆಗೆ ಹೋಗುವ ದಂಡದ ಮೇಲೆ, ಹಲ್ಲುಗಳಿರುವ ಒಂದು ಗಾಲಿಯಿದೆ. ಲಿವರನ್ನು ಪಿಗೆ ತಂದಾಗ ಉಕ್ಕಿನ ಪುಟ್ಟ ನಾಲಿಗೆಯೊಂದು ಎರಡು ಹಲ್ಲುಗಳ ಸಂದಿಗೆ ಹೋಗಿ ಕೂರುತ್ತದೆ. ಪಾರ್ಕಿಂಗ್ ಪಾಲ್ ಎಂದು ಅದರ ಹೆಸರು. ನಮ್ಮ ಹಳೆಯ ಬಾಗಿಲುಗಳ ಅಗುಳಿಯ ಕೆಲಸ ಅದರದು. ದಂಡ ತಿರುಗುವುದಿಲ್ಲ, ಅದಕ್ಕೆ ಜೋಡಿಸಿದ ಚಕ್ರಗಳೂ ತಿರುಗುವುದಿಲ್ಲ. ಸಾವಿರ ಕೆ.ಜಿ. ಮೀರಿದ ಕಾರು ಬೆರಳುದ್ದದ ಒಂದು ಲೋಹದ ತುಂಡಿಗೆ ಒರಗಿ ನಿಂತಿರುತ್ತದೆ.

ಆ ಅಗುಳಿಗೆ ಮೇಲೊಂದು ಬೀಗ. ಲಿವರ್ ಪಕ್ಕದಲ್ಲಿ ಕರೆಂಟು ಹರಿದರೆ ಅಯಸ್ಕಾಂತವಾಗುವ ತಂತಿಯ ಸುರುಳಿಯಿರುತ್ತದೆ, ಅದೇ ಸೋಲೆನಾಯ್ಡ್. ಬ್ರೇಕ್ ತುಳಿದರೆ ಪೆಡಲಿನ ಮೇಲ್ತುದಿಯಲ್ಲಿರುವ ಸ್ವಿಚ್ಚು ಎರಡು ಕೆಲಸ ಮಾಡುತ್ತದೆ. ಕಾರಿನ ಹಿಂದಿನ ಕೆಂಪು ದೀಪ ಹತ್ತಿಸುತ್ತದೆ, ಮತ್ತು ಕಾಲು ಬ್ರೇಕಿನ ಮೇಲಿದೆ ಎಂದು ಸುರುಳಿಗೆ ಸುದ್ದಿ ಮುಟ್ಟಿಸುತ್ತದೆ. ಆಗ ಕ್ಲಿಕ್ ಎಂದು ಬೀಗ ತೆಗೆಯುತ್ತದೆ. ಒಟ್ಟಿನಲ್ಲಿ ಹೊರಡುವ ಮುನ್ನ ಕಾರು ಒಂದೇ ಒಂದು ಪ್ರಶ್ನೆ ಕೇಳುತ್ತದೆ: ನಿನ್ನ ಕಾಲು ಎಲ್ಲಿದೆ?

ಈ ಪ್ರಶ್ನೆಯನ್ನು ಕಾರಿಗೆ ಕಲಿಸಿದ್ದರ ಹಿಂದೆ ದೊಡ್ಡ ಗಲಾಟೆಯೇ ಇದೆ. 1980ರ ದಶಕದ ಅಮೆರಿಕದಲ್ಲಿ ಆಡಿ 5000 ಎಂಬ ಕಾರು ನಿಂತಲ್ಲಿಂದ ತಾನೇ ತಾನಾಗಿ ನುಗ್ಗುತ್ತದೆ ಎಂಬ ದೂರುಗಳು ಬಂದವು. ಗ್ಯಾರೇಜಿನ ಗೋಡೆಗೆ ಗುದ್ದಿದವು, ಜನರ ಮೇಲೆ ಹರಿದವು, ಸಾವುಗಳಾದವು. 1986ರ ನವೆಂಬರಿನಲ್ಲಿ ‘ಸಿಕ್ಸ್ಟಿ ಮಿನಿಟ್ಸ್’ ಎಂಬ ಟೀವಿ ಕಾರ್ಯಕ್ರಮ ಇದನ್ನು ತೋರಿಸಿದ ಮೇಲೆ ದೇಶವಿಡೀ ಅದೇ ಮಾತು. ಅದರಲ್ಲಿ ಪೆಡಲು ತಾನಾಗಿಯೇ ಕೆಳಗಿಳಿಯುವ ದೃಶ್ಯವೊಂದಿತ್ತು. ಅದಕ್ಕಾಗಿ ಗೇರ್‌ಬಾಕ್ಸಿಗೆ ತೂತು ಕೊರೆದು ಹೊರಗಿನಿಂದ ಗಾಳಿಯ ಒತ್ತಡ ಕೊಟ್ಟಿದ್ದರು ಎಂಬುದು ಆಮೇಲೆ ಹೊರಬಿತ್ತು. 1985ರಲ್ಲಿ ಅಮೆರಿಕದಲ್ಲಿ 74 ಸಾವಿರದಷ್ಟು ಕಾರು ಮಾರಿದ್ದ ಆಡಿ 1991ರ ಹೊತ್ತಿಗೆ 12 ಸಾವಿರದ ಆಸುಪಾಸಿಗೆ ಕುಸಿಯಿತು. 1989ರಲ್ಲಿ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆಯ ವರದಿ ಬಂತು. ಬಹುಪಾಲು ಪ್ರಕರಣಗಳಲ್ಲಿ ಚಾಲಕರು ಬ್ರೇಕೆಂದುಕೊಂಡು ತುಳಿದದ್ದು ಆಕ್ಸಿಲರೇಟರನ್ನು ಎಂದು ಅದು ಹೇಳಿತು. ಕಾರು ನುಗ್ಗಿದಷ್ಟೂ ಅವರು ‘ಬ್ರೇಕನ್ನು’ ಇನ್ನೂ ಬಲವಾಗಿ ಒತ್ತಿದ್ದರು. ಬ್ರೇಕ್ ತುಳಿದದ್ದು ಖಂಡಿತ ಎಂದು ಅವರು ಹೇಳುವಾಗ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಹಾಗೆಂದು ತಪ್ಪೆಲ್ಲ ಕಾಲಿನದೇ ಎನ್ನುವುದೂ ನ್ಯಾಯವಲ್ಲ, ಆ ಕಾರಿನ ಪೆಡಲುಗಳನ್ನು ಜೋಡಿಸಿದ ರೀತಿಯೂ ಗಲಿಬಿಲಿಗೆ ಅವಕಾಶ ಕೊಡುವಂತಿತ್ತು. ವರದಿ ಬರುವ ಮೊದಲೇ ಕಂಪನಿ ಕಾರುಗಳನ್ನು ವಾಪಸು ಕರೆಸಿ ಈ ಬ್ರೇಕ್-ಬೀಗವನ್ನು ಅಳವಡಿಸಿಕೊಟ್ಟಿತ್ತು.

ಬೇರೆ ಕಂಪನಿಗಳೂ ಅದನ್ನೇ ಹಿಡಿದವು. ಅಮೆರಿಕದಲ್ಲಿ ಕಾನೂನಾಗಿ ಕಡ್ಡಾಯವಾದದ್ದು ಮಾತ್ರ 2010ರ ಸೆಪ್ಟೆಂಬರ್ 1ರಿಂದ ತಯಾರಾದ ಕಾರುಗಳಿಗೆ. ಆ ಕಾಯ್ದೆಗೆ ಒಂದು ಮಗುವಿನ ಹೆಸರಿದೆ. ಕ್ಯಾಮೆರಾನ್ ಗುಲ್‌ಬ್ರಾನ್ಸನ್, ಎರಡು ವರ್ಷದ ಹುಡುಗ, 2002ರಲ್ಲಿ ತನ್ನ ಮನೆಯಂಗಳದಲ್ಲೇ ಹಿಂದಕ್ಕೆ ಬರುತ್ತಿದ್ದ ತಂದೆಯ ಕಾರಿಗೆ ಸಿಕ್ಕಿ ಸತ್ತವನು. ಇವತ್ತು ಕಾರುಗಳಲ್ಲಿ ಕಾಣುವ ಹಿಂಬದಿ ಕ್ಯಾಮೆರಾವನ್ನು ಅಲ್ಲಿ ಕಡ್ಡಾಯ ಮಾಡಿಸಿದ್ದೂ ಅದೇ ಕಾಯ್ದೆ. ಅದರ ಇನ್ನೊಂದು ಕಲಮು ಈ ಬೀಗದ್ದು: ಕಾರಿನಲ್ಲಿ ಆಡುವ ಮಗು ಲಿವರ್ ಎಳೆದರೂ ಬರಬಾರದು, ಯಾಕೆಂದರೆ ಅದರ ಕಾಲು ಬ್ರೇಕಿಗೆ ಎಟುಕುವುದಿಲ್ಲ.

ಪಿಯಿಂದ ಹೊರಬರುವುದಕ್ಕೆ ಬೀಗವೇನೋ ಬಂತು, ಪಿಗೆ ನಿಜವಾಗಿ ಹೋಗಿದೆಯೇ ಎಂಬುದು ಬೇರೆ ಸಮಸ್ಯೆ. ‘ಸ್ಟಾರ್ ಟ್ರೆಕ್’ ಚಿತ್ರಗಳಲ್ಲಿ ಚೆಕಾವ್ ಪಾತ್ರ ಮಾಡಿದ್ದ ಆಂಟನ್ ಯೆಲ್ಚಿನ್ 2016ರ ಜೂನಿನಲ್ಲಿ ಲಾಸ್ ಏಂಜಲೀಸಿನ ತನ್ನ ಮನೆಯ ಇಳಿಜಾರು ದಾರಿಯಲ್ಲಿ, ತನ್ನದೇ ಜೀಪ್ ಗ್ರ್ಯಾಂಡ್ ಚೆರೋಕಿ ಹಿಂದಕ್ಕೆ ಉರುಳಿ ಬಂದು, ಗೇಟಿನ ಕಂಬದ ನಡುವೆ ಸಿಕ್ಕಿ ತೀರಿಕೊಂಡ. ಆ ಮಾದರಿಯ ಲಿವರ್ ಎತ್ತ ತಳ್ಳಿದರೂ ಮತ್ತೆ ನಡುವಿಗೇ ಬಂದು ನಿಲ್ಲುತ್ತಿತ್ತು. ಪಿಗೆ ಬಿತ್ತೋ ಇಲ್ಲವೋ ಕೈಗೆ ತಿಳಿಯುತ್ತಿರಲಿಲ್ಲ. ಅದೇ ಕಾರಣಕ್ಕೆ ಏಪ್ರಿಲಿನಲ್ಲಷ್ಟೇ ಸುಮಾರು 11 ಲಕ್ಷ ವಾಹನಗಳನ್ನು ರಿಪೇರಿಗೆ ವಾಪಸು ಕರೆಯುವ ಪ್ರಕಟಣೆ ಬಂದಿತ್ತು. ಅವನಿಗೆ 27 ವರ್ಷ. ನನಗಿಂತ ಒಂದು ವರ್ಷ ಚಿಕ್ಕವನು.

ಮರುದಿನ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಆಡಿ ಕಥೆಯನ್ನು ಅವರು ಗಮನವಿಟ್ಟು ಕೇಳಿದರು. “ಲಾರಿನೂ ಹಂಗೇ ಕಣವ್ವ,” ಎಂದರು. ಕಡೆಕಡೆಗೆ ಅವರು ಓಡಿಸಿದ ಏರ್ ಬ್ರೇಕಿನ ಲಾರಿಗಳಲ್ಲಿ ಟ್ಯಾಂಕಿಗೆ ಗಾಳಿ ತುಂಬುವ ತನಕ ಹಿಂದಿನ ಬ್ರೇಕು ಬಿಡುತ್ತಿರಲಿಲ್ಲವಂತೆ. ಬ್ರೇಕನ್ನು ಹಿಡಿದಿಡುವುದು ಸ್ಪ್ರಿಂಗು, ಬಿಡಿಸುವುದು ಗಾಳಿ. ನಿಲ್ಲಿಸಲು ಬೇಕಾದ ಗಾಳಿ ಇಲ್ಲದಿದ್ದರೆ ಲಾರಿ ಹೊರಡುವುದಕ್ಕೇ ಒಪ್ಪುವುದಿಲ್ಲ. ಬೆಳಗಿನ ಜಾವ ಇಂಜಿನ್ ಹಾಕಿ, ಗಾಳಿಯ ಮುಳ್ಳು ಏರುವುದನ್ನೇ ಕಾಯುತ್ತ ಚಾ ಕುಡಿಯುತ್ತಿದ್ದರಂತೆ. ಚಿಕ್ಕಂದಿನಲ್ಲಿ ಅಪ್ಪ ಲಾರಿ ಶುರುಮಾಡಿಯೂ ಹೊರಡದೆ ನಿಲ್ಲುತ್ತಿದ್ದದ್ದು ನಮಗೆ ಇನ್ನೊಮ್ಮೆ ಟಾಟಾ ಮಾಡಲೆಂದೇ ಎಂದು ನಾನು ತಿಳಿದಿದ್ದೆ.

ನನ್ನ ಸಂಶೋಧನೆ ಕನ್ನಡದ ವೃತ್ತಿಪದಗಳ ಮೇಲೆ. ಕುಂಬಾರಿಕೆ, ನೇಯ್ಗೆ, ಗಾಣ, ಕಮ್ಮಾರಿಕೆ. ಲಾರಿ ಅದರಲ್ಲಿ ಬರುವುದಿಲ್ಲ, ಯಾಕೆಂದರೆ ಅಲ್ಲಿನ ಪದಗಳೆಲ್ಲ ಇಂಗ್ಲಿಷು ಎಂಬುದು ಸಾಮಾನ್ಯ ತಿಳುವಳಿಕೆ. ಆದರೆ ‘ಗಾಲಿಗೆ ಕಲ್ಲು ಕೊಡು’ ಎಂಬುದು ಇಂಗ್ಲಿಷಲ್ಲ. ಘಾಟಿಯ ಏರಿನಲ್ಲಿ ಲಾರಿ ನಿಂತರೆ ಕ್ಲೀನರ್ ಜಿಗಿದು ಹಿಂದಿನ ಗಾಲಿಗೆ ಕಲ್ಲು ಕೊಡಬೇಕು. ಆಮೇಲೆ ಹ್ಯಾಂಡ್‌ಬ್ರೇಕ್, ಆಮೇಲೆ ಗೇರಿನಲ್ಲಿ ಇಡುವುದು. ಹೊರಡುವಾಗ ಕಲ್ಲು ತೆಗೆದು ರಸ್ತೆಯ ಪಕ್ಕಕ್ಕೆ ಹಾಕಲೇಬೇಕು. ಅಲ್ಲೇ ಬಿಟ್ಟು ಹೋದ ಕ್ಲೀನರನಿಗೆ ಅಪ್ಪನ ಲಾರಿಯಲ್ಲಿ ಆವತ್ತು ಬೈಗುಳವೇ ಊಟ. ಹಿಂದೆ ಬೈಕಿನವನು ಬರುತ್ತಿರುತ್ತಾನೆ.

ಮೂರನೆಯ ದಿನಕ್ಕೆ ಅಪ್ಪ ನನಗೆ ಕಲಿಸಲು ಶುರುಮಾಡಿದರು. ನಾನು ಕಾರನ್ನು ಶೆಡ್ಡಿಗೆ ಹತ್ತಿಸಿ, ಪಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು ಇಳಿದೆ. ಎಲ್ಲರೂ ಮಾಡುವುದು ಹೀಗೇ. ಮುಂದಿನ ಸಲ ಲಿವರ್ ಎಳೆದಾಗ ಕೆಳಗಿನಿಂದ ‘ಟಕ್’ ಎಂದು ಗಟ್ಟಿಯಾದ ಸದ್ದು ಬಂತು. ಅಪ್ಪನ ಮುಖ ಕಿವುಚಿತು. “ಇಡೀ ಗಾಡಿ ಭಾರಾನ ಆ ಒಂದು ಹಲ್ಲಿನ ಮೇಲೆ ಹಾಕಿಟ್ಟಿದ್ದೀಯ. ಅದು ಕಿತ್ಕಂಡು ಬಂದಿದ್ದು ಈ ಸದ್ದು.” ಅವರೇ ಸೀಟಿನಲ್ಲಿ ಕೂತು ಕ್ರಮ ಹಾಕಿಕೊಟ್ಟರು. ಬ್ರೇಕ್ ತುಳಿದು ನಿಲ್ಲಿಸು, ಎನ್‌ಗೆ ತಾ, ಹ್ಯಾಂಡ್‌ಬ್ರೇಕ್ ಎಳೆ, ಕಾಲು ಮೆಲ್ಲಗೆ ಸಡಿಲಿಸು, ಗಾಡಿ ಒಂದಿಂಚು ಜಾರಿ ಹ್ಯಾಂಡ್‌ಬ್ರೇಕಿನ ಮೇಲೆ ಕೂರಲಿ. ಆಮೇಲೆ ಮತ್ತೆ ಬ್ರೇಕ್ ತುಳಿದು ಪಿ. ಹೊರಡುವಾಗ ಇದರ ಉಲ್ಟಾ: ಬ್ರೇಕ್ ತುಳಿದು ಮೊದಲು ಪಿಯಿಂದ ತೆಗೆ, ಹ್ಯಾಂಡ್‌ಬ್ರೇಕ್ ಕೊನೆಗೆ. ಅವತ್ತಿನಿಂದ ‘ಟಕ್’ ಇಲ್ಲ. ತಜ್ಞರು ಬರೆದಿರುವುದೂ ಇದೇ ಕ್ರಮ. ಅಪ್ಪ ಅದನ್ನು ಒಂದು ಸದ್ದಿನಿಂದ ಕಂಡುಕೊಂಡರು.

ಅವರಿಗೆ ಕಷ್ಟವಾದದ್ದು ಖಾಲಿ ಕುಳಿತ ಎಡಗಾಲು. ಗೇಟಿನ ತಿರುವು ಬಂದ ಕೂಡಲೇ ಅದು ಕ್ಲಚ್ಚು ಹುಡುಕಿಕೊಂಡು ಹೋಗಿ, ಸಿಕ್ಕ ಅಗಲದ ಪೆಡಲನ್ನು ಕ್ಲಚ್ಚೆಂದೇ ನೆಲದವರೆಗೆ ತುಳಿಯುತ್ತಿತ್ತು. ಅದು ಬ್ರೇಕು. ಕಾರು ಗಕ್ಕನೆ ನಿಂತು ಸೀಟ್‌ಬೆಲ್ಟು ನನ್ನ ಹೆಗಲಿಗೆ ಕಚ್ಚುತ್ತಿತ್ತು. ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ಅಮ್ಮ ಒಂದು ಮಾತೂ ಆಡದೆ ತಲೆಯೆತ್ತಿ ನೋಡಿ ಮತ್ತೆ ಮೊರಕ್ಕೆ ಬಗ್ಗುತ್ತಿದ್ದಳು. ಆ ಮೌನಕ್ಕಿಂತ ಬೈದಿದ್ದರೆ ವಾಸಿಯಿತ್ತು. ಕೊನೆಗೆ ಅಪ್ಪ ಎಡಗಾಲನ್ನು ಹಿಂದಕ್ಕೆ, ಸೀಟಿನ ಬುಡಕ್ಕೆ ಮಡಚಿಟ್ಟುಕೊಂಡು ಓಡಿಸತೊಡಗಿದರು. “31 ವರ್ಷ ದುಡಿದೈತೆ, ಈಗ ಮಲಗ್ಲಿ,” ಎಂದರು.

ಪಕ್ಕದ ಮನೆಯ ಮಾವ ತಮ್ಮ ಕಾರೂ ಆಟೋಮ್ಯಾಟಿಕ್ಕೇ ಎಂದು ಒಂದು ಸಂಜೆ ಹೋಲಿಕೆಗೆ ಬಂದರು. ಅವರದರಲ್ಲಿ ಪಿ ಇರಲೇ ಇಲ್ಲ. ಅದು ಎಎಂಟಿ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ನಮ್ಮಲ್ಲಿ ಮನೆಮಾತಾದ ಬಗೆ. ಒಳಗಿರುವುದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ಚೂ ಇದೆ, ಅದನ್ನು ನಮ್ಮ ಕಾಲಿನ ಬದಲು ಯಂತ್ರ ಒತ್ತುತ್ತದೆ. ಲಿವರಿನಲ್ಲಿ ಆರ್, ಎನ್, ಡಿ ಇರುತ್ತವೆ. ಏರಿನಲ್ಲಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲೇ ಬಿಟ್ಟು ಇಂಜಿನ್ ಆರಿಸಬೇಕು, ಲಾರಿಯ ಹಾಗೆ. ಹಾಗೆ ನೋಡಿದರೆ ಆಟೋಮ್ಯಾಟಿಕ್ಕಿನ ಮೂಲಪುರುಷನಾದ ಹೈಡ್ರಾಮ್ಯಾಟಿಕ್ ಗೇರ್‌ಬಾಕ್ಸು 1940ರ ಮಾದರಿಯ ಓಲ್ಡ್ಸ್‌ಮೊಬೈಲಿನಲ್ಲಿ ಬಂದಾಗ ಅದಕ್ಕೂ ಪಿ ಇರಲಿಲ್ಲ, ಇಂಜಿನ್ ಆರಿಸಿ ರಿವರ್ಸಿಗೆ ಹಾಕಿಡುತ್ತಿದ್ದರು. “ನಿಮ್ಮದ್ರಲ್ಲಿ ಒಂದು ಅಕ್ಷರ ಜಾಸ್ತಿ,” ಎಂದು ಮಾವ ನಕ್ಕು, ನನ್ನ ಕಡೆ ತಿರುಗಿ, “ನಿಂದು ಪಿಎಚ್‌ಡಿ ಇನ್ನೂ ಪಿನಲ್ಲೇ ಇದ್ಯಾ?” ಎಂದರು. ಊರಿಗೆ ಹೋದಾಗ ಈ ಪ್ರಶ್ನೆ ಯಾವುದಾದರೊಂದು ದಾರಿಯಿಂದ ಬಂದೇ ಬರುತ್ತದೆ.

ಹನ್ನೊಂದನೆಯ ದಿನ ಅಮ್ಮನಿಗೆ ಹಾಸನದ ಕಣ್ಣಿನ ಡಾಕ್ಟರಲ್ಲಿ ಬೆಳಿಗ್ಗೆಯೇ ಸರದಿ ಇತ್ತು. ಅಪ್ಪ ಆಪರೇಷನ್ ಆದಮೇಲೆ ಮೊದಲ ಸಲ ಹೈವೇಗೆ ಇಳಿಯುವವರಿದ್ದರು. ಆರು ಗಂಟೆ, ಇನ್ನೂ ಕತ್ತಲು, ದಟ್ಟ ಮಂಜು. ಅಮ್ಮ ಹಿಂದಿನ ಸೀಟಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಇಂಜಿನ್ ಶುರುವಾಯಿತು. ಅಪ್ಪ ಬ್ರೇಕ್ ತುಳಿದು ಲಿವರ್ ಎಳೆದರು. ಬರಲಿಲ್ಲ. ಇನ್ನೊಮ್ಮೆ ತುಳಿದರು. ಊಹೂಂ.

ಈ ಸಲ ಅವರು ಜೋರಾಗಿ ಎಳೆಯಲಿಲ್ಲ. ಕನ್ನಡಿ ನೋಡಿದರು. “ಗೋಡೆ ಕೆಂಪಾಗ್ಲಿಲ್ಲ,” ಎಂದರು.

ಶೆಡ್ಡಿನ ಹಿಂಗೋಡೆಗೆ ಸುಣ್ಣ ಬಳಿದಿದೆ. ಬ್ರೇಕ್ ತುಳಿದರೆ ಅದು ಕೆಂಪಾಗುತ್ತದೆ. ಹತ್ತು ದಿನದಿಂದ ನಾನೂ ನೋಡಿದ್ದೆ. ಇಳಿದು ಹಿಂದೆ ಹೋಗಿ ನಿಂತೆ, ಅವರು ತುಳಿದರು, ಎರಡು ದೀಪವೂ ಹತ್ತಲಿಲ್ಲ. “ಎರಡೂ ಬಲ್ಬು ಒಟ್ಟಿಗೆ ಹೋಗಕಿಲ್ಲ. ಪೆಡಲ್ ಸ್ವಿಚ್ಚು ಹೋಗಿರ್ಬೇಕು. ಅದ್ಕೇ ಇದೂ ಬಿಡ್ತಿಲ್ಲ, ನೀನೇ ಹೇಳಿದ್ಯಲ್ಲ, ಎರಡಕ್ಕೂ ಒಂದೇ ಅಂತ.” ಕಾರಿನ ದೃಷ್ಟಿಯಲ್ಲಿ ಅಪ್ಪನ ಕಾಲು ಬ್ರೇಕಿನ ಮೇಲೆ ಇರಲೇ ಇಲ್ಲ.

ಇಂಥ ಹೊತ್ತಿಗೆಂದೇ ಅನೇಕ ಕಾರುಗಳಲ್ಲಿ ಲಿವರ್ ಪಕ್ಕ ಉಗುರಗಲದ ಮುಚ್ಚಳವೊಂದಿರುತ್ತದೆ. ಮೊಬೈಲ್ ಬೆಳಕಿನಲ್ಲಿ ಕೈಪಿಡಿ ತಿರುವಿ ನಾನು ಅದನ್ನು ಹುಡುಕಿದೆ. ಹ್ಯಾಂಡ್‌ಬ್ರೇಕ್ ಎಳೆದಿರುವುದನ್ನು ಅಪ್ಪ ಎರಡು ಸಲ ನೋಡಿಕೊಂಡು ಬ್ರೇಕ್ ತುಳಿದು ಹಿಡಿದರು. ನಾನು ಮುಚ್ಚಳ ಎಬ್ಬಿಸಿ, ತೂತಿನೊಳಗೆ ಸ್ಕ್ರೂಡ್ರೈವರ್ ತೂರಿಸಿ ಒತ್ತಿದೆ. ಅಪ್ಪ ಎಳೆದರು. ಲಿವರ್ ಸಲೀಸಾಗಿ ಎನ್‌ಗೆ ಬಂತು.

“ಬಂತಲ್ಲ, ನಡೀರಿ,” ಎಂದಳು ಅಮ್ಮ.

ಅಪ್ಪ ಲಿವರನ್ನು ಮತ್ತೆ ಪಿಗೆ ತಳ್ಳಿ ಇಂಜಿನ್ ಆರಿಸಿದರು. “ಬ್ರೇಕ್ ಲೈಟ್ ಇಲ್ಲ. ಮಂಜು ಬೇರೆ. ಹಿಂದೆ ಲೋಡ್ ಹೊತ್ಕಂಡು ಬರೋನಿಗೆ ನಾನು ನಿಂತೆ ಅಂತ ಯಾರು ಹೇಳ್ತಾರೆ? ನೀವಿಬ್ರೂ ಬಸ್ಸಿಗೆ ಹೋಗಿ.” ದನಿಯಲ್ಲಿ ಬೇಸರವಿರಲಿಲ್ಲ. ಲೋಡ್ ಹೊತ್ತು ಬರುವವನ ಜಾಗದಲ್ಲಿ ಅವರು 31 ವರ್ಷ ಕೂತಿದ್ದರು.

ಸರ್ಕಾರಿ ಬಸ್ಸು ಸಿಕ್ಕಿತು. ನಮ್ಮಿಬ್ಬರದೂ ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್ಟು. ಮಂಜಿನಲ್ಲಿ ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆಲೂರು ದಾಟಿದ ಮೇಲೆ ಅಮ್ಮ ತಾನಾಗಿಯೇ ಮಾತು ತೆಗೆದಳು.

“ಶೆಡ್ಡಿನ ಹತ್ರ ಕುರ್ಚಿ ಹಾಕ್ಕೊಂಡು ಕೂತಾಗ ನೀವಿಬ್ರೂ ಅಪ್ಪ ಹಂಗಾದ್ರು, ಹಿಂಗಾದ್ರು ಅಂತ ಒದ್ದಾಡಿದ್ರಿ. ನಂಗೆ ಒಂದು ವರ್ಷ ನೆಮ್ಮದಿಯಾಗಿತ್ತು ಕಣೇ. ಅಡುಗೆಮನೆ ಕಿಟಕಿಯಿಂದ ನೋಡಿದ್ರೆ ಕಾಣೋರು. ಎಲ್ಲಿದಾರೆ, ಘಾಟಿ ಇಳಿದ್ರಾ, ಗುಂಡ್ಯ ದಾಟಿದ್ರಾ ಅಂತ ಲೆಕ್ಕ ಹಾಕೋ ಹಂಗಿರ್ಲಿಲ್ಲ.”

ನನಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಫೋನಿಲ್ಲದ ಕಾಲದಲ್ಲಿ ಅವಳು ಮದುವೆಯಾಗಿ ಬಂದವಳು. ಲೆಕ್ಕ ಹಾಕುವುದು ಎಂದರೆ ಬರೀ ಗಡಿಯಾರ ನೋಡುವುದು.

ಸ್ವಲ್ಪ ಹೊತ್ತಾದ ಮೇಲೆ, “ಓಡಿಸ್ಲಿ ಬಿಡು,” ಎಂದಳು. “ಇವತ್ತು ಹೊರಟೇಬಿಟ್ಟಿದ್ರೆ ನಾನು ಇನ್ಯಾವತ್ತೂ ಆ ಗಾಡಿ ಹತ್ತುತಿರ್ಲಿಲ್ಲ.”

ಸಂಜೆ ನಾವು ವಾಪಸು ಬರುವಷ್ಟರಲ್ಲಿ ಪೇಟೆಯಿಂದ ಎಲೆಕ್ಟ್ರಿಷಿಯನ್ ಬಂದು ಸ್ವಿಚ್ಚು ಬದಲಿಸಿ ಹೋಗಿದ್ದ. ಕಣ್ಣಿಗೆ ಔಷಧಿ ಬಿಟ್ಟಿದ್ದರಿಂದ ಅಮ್ಮನಿಗೆ ಇನ್ನೂ ಎಲ್ಲ ಮಂಜು ಮಂಜಾಗಿತ್ತು. ಗೇಟಿನಲ್ಲೇ ನಿಂತು, “ಅದೇನು ಕೆಂಪಗೆ?” ಎಂದಳು. ಅಪ್ಪ ಒಬ್ಬರೇ ಕಾರಿನಲ್ಲಿ ಕೂತು ಬ್ರೇಕ್ ತುಳಿಯುತ್ತ, ಬಿಡುತ್ತ, ಕನ್ನಡಿಯಲ್ಲಿ ಗೋಡೆ ನೋಡುತ್ತಿದ್ದರು.

ನಾನು ಮೈಸೂರಿಗೆ ಹೊರಡುವ ಹಿಂದಿನ ದಿನ ಪುಸ್ತಕದ ಡಬ್ಬ ಇಡಲು ಡಿಕ್ಕಿ ತೆಗೆದೆ. ಮೂಲೆಯಲ್ಲಿ ಗೋಣಿಚೀಲದ ಮೇಲೆ ಒಂದು ಕಲ್ಲು, ಒಂದು ಕಡೆ ಸಮತಟ್ಟು, ಇನ್ನೊಂದು ಕಡೆ ಇಳಿಜಾರು. ಪಿ ಇದೆ, ಹ್ಯಾಂಡ್‌ಬ್ರೇಕ್ ಇದೆ, ಇದು ಯಾಕೆಂದು ಕೇಳಿದೆ. “ಇರ್ಲಿ, ಏನು ಅನ್ನ ಕೇಳುತ್ತಾ,” ಎಂದರು.

ಡಬ್ಬ ಇಟ್ಟು ತಿರುಗಿ ನೋಡಿದರೆ ಅಮ್ಮ ಡ್ರೈವರ್ ಸೀಟಿನಲ್ಲಿದ್ದಳು. ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಪೆಡಲುಗಳನ್ನು ಬಗ್ಗಿ ನೋಡುತ್ತಿದ್ದಳು. “ಯಾವುದೇ ಬ್ರೇಕು?” ಎಂದಳು. ಅಗಲದ್ದು ಎಂದೆ. ಹ್ಯಾಂಡ್‌ಬ್ರೇಕ್ ಎಳೆದೇ ಇತ್ತು. ಅಪ್ಪ ಕಿಟಕಿಯೊಳಗೆ ಕೈಹಾಕಿ ಕೀಲಿಯನ್ನು ಇಂಜಿನ್ ಶುರುವಾಗದಷ್ಟು ಮಾತ್ರ ತಿರುಗಿಸಿದರು. ಅವಳು ತುಳಿದಳು. ಹಿಂದೆ ಗೋಡೆ ಕೆಂಪಾಯಿತು. ಲಿವರ್ ಎಳೆದಳು, ಆರ್‌ಗೆ ಬಂತು. ಮತ್ತೆ ಪಿಗೆ ತಳ್ಳಿದಳು. ಇನ್ನೊಮ್ಮೆ ಎಳೆದು, ಇನ್ನೊಮ್ಮೆ ತಳ್ಳಿದಳು.

“ಇಷ್ಟೇನಾ? ಇದಕ್ಕಾ ಅಪ್ಪ ಮಗಳು ಹದಿನೈದು ದಿನ ತಗೊಂಡಿದ್ದು?” ಎಂದು ಇಳಿದು, ಒಲೆಯ ಮೇಲೆ ಹಾಲಿಟ್ಟಿದ್ದೇನೆಂದು ಒಳಗೆ ಹೋದಳು.